ಹಿಂಡದೆ ಗಂಜಿ ಹಾಕುವ ಬಗೆ: ಕೌದಿ ಹೊಲಿಯುವ ಮನೆಗಳಿಗೆ ಕೆಲವು ಮಾತು

ಊರು ಬಿಟ್ಟು ದೂರ ಬಂದು ನೆಲೆಸಿದ ಕನ್ನಡ ಸಂಸಾರಗಳಲ್ಲಿ, ಅದರಲ್ಲೂ ಧಾರವಾಡ, ವಿಜಯಪುರ, ಬಾಗಲಕೋಟೆ, ಕಲಬುರಗಿಗಳ ಕಡೆಯಿಂದ ಬಂದವರ ಮನೆಗಳಲ್ಲಿ, ಮಂಚದ ಕೆಳಗಿನ ಟ್ರಂಕನ್ನು ತೆರೆದರೆ ಒಂದು ಕೌದಿಯಾದರೂ ಕೈಗೆ ಸಿಗುವುದುಂಟು. ಕೌದಿಗೆ ಹೊಸ ಬಟ್ಟೆ ಬೇಕಿಲ್ಲ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಅಂಚು ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಕುಪ್ಪಸ ಹೊಲಿದು ಉಳಿದ ಖಣದ ಚೂರು, ಇವನ್ನೆಲ್ಲ ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಮುಖವಾಗಿ ಸಾಲು ಸಾಲಾಗಿ ಹೊಲಿಗೆ ಹಾಕಿಕೊಂಡು ಬಂದರೆ ಕೌದಿ ಸಿದ್ಧವಾಗುವುದು. ಅಂಗಡಿಯಲ್ಲಿ ಹಣ ಕೊಟ್ಟು ತಂದ ಹೊದಿಕೆ ಇದಕ್ಕಿಂತ ಅಂದವಾಗಿದ್ದೀತು. ಆದರೆ ಅಜ್ಜಿಯ ಸೀರೆ, ತಾಯಿಯ ಸೀರೆ, ತನ್ನದೇ ಹಳೆಯ ಲಂಗ ಒಂದೇ ಕಡೆ ಸೇರಿದ ಹೊದಿಕೆ ಯಾವ ಅಂಗಡಿಯಲ್ಲಿಯೂ ದೊರೆಯದು.

ಇದು ನಮ್ಮವರಿಗೇ ಮೀಸಲಾದ ಕಸುಬೆಂದು ಯಾರೂ ಭಾವಿಸಬೇಕಿಲ್ಲ. ಮುಂಬಯಿ, ಪುಣೆಗಳಲ್ಲಿರುವ ವಾಚಕರು ನೆರೆಯ ಮರಾಠಿ ಮನೆಗಳಲ್ಲಿ ಇದನ್ನೇ ಗೋಧಡಿ ಎಂಬ ಹೆಸರಿನಲ್ಲಿ ಕಂಡಿರುವರು. ಹೈದರಾಬಾದಿನಲ್ಲಿ ಇದು ಬೊಂತ, ಬಂಗಾಳಿಗಳಲ್ಲಿ ಕಾಂಥಾ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸುತ್ತಿನ ಸಿದ್ದಿ ಜನರ ಹೆಣ್ಣುಮಕ್ಕಳು ಕೌದಿಯ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೊಲಿದು ಅದನ್ನು ಫುಲ, ಅಂದರೆ ಹೂವು, ಎನ್ನುವರು. ಮೂಲೆಗೆ ಹೂ ಮುಡಿಸದೆ ಕೌದಿ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ಅವರ ಕೈಕೆಲಸ ಇಂದು ದೇಶದ ಹೊರಗೂ ಪ್ರದರ್ಶನಗಳಲ್ಲಿ ಮನ್ನಣೆ ಪಡೆದಿದೆ.

ಇಷ್ಟೆಲ್ಲ ಹೆಸರಿರುವ ಈ ಕೆಲಸ ನಮ್ಮ ಮನೆಗಳಲ್ಲಿ ಮಾತ್ರ ಒಂದೊಂದಾಗಿ ನಿಂತುಹೋಗುತ್ತಿದೆ. ಬಿಡುವಿಲ್ಲ, ಜಾಗವಿಲ್ಲ, ಆಸಕ್ತಿಯಿಲ್ಲ ಎಂದು ಕಾರಣಗಳನ್ನು ಹೇಳುವುದುಂಟು. ಆದರೆ ಕೌದಿ ಹೊಲಿಯುವ ಹಿರಿಯರನ್ನೇ ಕೂರಿಸಿ ಕೇಳಿದರೆ ಬೇರೊಂದು ಕಾರಣ ಹೊರಬರುವುದು: ಕೈ. ಸೊಸೆಯೊಡನೆ ಹಳೆಯ ಸೀರೆಗಳನ್ನು ಒಗೆದು ಗಂಜಿ ಹಾಕುತ್ತಿದ್ದಾಗ ನಮ್ಮ ತಾಯಿಯವರು ಹೇಳಿದ ಮಾತು ಇದು: "ಹೊಲಿಯೂದು ಕಠಿಣ ಅಲ್ಲ ತಂಗಿ, ಈ ಹಿಂಡೂದರಾಗ ಕೈ ಸೋತು ಹೋಗತಾವು."

ಈ ಮಾತನ್ನು ನಾವು ಮನೆಮಂದಿಯೆಲ್ಲ ಕುಳಿತು ವಿಚಾರಿಸಿದೆವು. ಕಚೇರಿಯಲ್ಲಿ ಕಡತಕ್ಕೆ ದಾರ ಪೋಣಿಸುವುದೇ ನಮಗೆ ತಿಳಿದ ಹೊಲಿಗೆ. ಆದರೂ ಯಾವ ಕೆಲಸದಲ್ಲಿ ಯಾವ ಹೆಜ್ಜೆ ವ್ಯರ್ಥವೆಂದು ಗುರುತಿಸುವುದು ಗುಮಾಸ್ತನಿಗೆ ಅಷ್ಟೇನೂ ಅಪರಿಚಿತವಲ್ಲ. ಗಂಜಿ ಬೇಕು, ಹಿಂಡುವುದು ಬೇಡ. ಈ ಲೇಖನದ ಸಾರಾಂಶ ಇಷ್ಟೇ. ಉಳಿದುದೆಲ್ಲ ಅದರ ವಿವರ.

ಕೌದಿಗೆ ಗಂಜಿ ಏಕೆ?

ಹಾಕಿಕೊಳ್ಳುವ ಅಂಗಿಗೆ, ಉಡುವ ಸೀರೆಗೆ ಗಂಜಿ ಹಾಕುವುದು ಠೀವಿಗಾಗಿ. ಹೊದೆಯುವ ಕೌದಿ ಮೆತ್ತಗಿರಬೇಕಾದುದು. ಅದಕ್ಕೇಕೆ ಈ ಠೀವಿ ಎಂದು ಕೆಲವರು ಕೇಳಬಹುದು. ಕೌದಿಗೆ ಹಾಕುವ ಗಂಜಿ ಹೊಲಿಗೆ ಮುಗಿಯುವವರೆಗೆ ಮಾತ್ರ. ಹಳೆಯ ಹತ್ತಿ ಸೀರೆ ಮಲ್ಲಿನಂತೆ ತೆಳ್ಳಗಾಗಿರುವುದು. ಕತ್ತರಿಯ ಕೆಳಗೆ ಜಾರುವುದು. ಓರೆಯಾಗಿ ಎಳೆದರೆ ರಬ್ಬರಿನಂತೆ ಹಿಗ್ಗುವುದು. ಕತ್ತರಿಸಿದ ಅಂಚಿನಿಂದ ಎಳೆ ಬಿಚ್ಚಿಕೊಳ್ಳುವುದು. ಚೌಕವಾಗಿ ಕತ್ತರಿಸಿದ್ದು ಹೊಲಿಯುವ ಹೊತ್ತಿಗೆ ಚೌಕವಾಗಿ ಉಳಿಯದು. ತಿಳಿಯಾದ ಗಂಜಿ ಕುಡಿದು ಒಣಗಿದ ಬಟ್ಟೆ ಕಾಗದದಂತೆ ನಿಲ್ಲುವುದು. ಹೇಳಿದ ಕಡೆ ಮಡಿಯುವುದು.

ಕೈಯ ದೃಷ್ಟಿಯಿಂದಲೂ ಇದರಲ್ಲಿ ಒಂದು ಲಾಭವುಂಟು. ಜಾರುವ ಬಟ್ಟೆಯನ್ನು ಎಡಗೈಯ ಬೆರಳುಗಳು ಹೊಲಿಗೆಯುದ್ದಕ್ಕೂ ಚಿವುಟಿ ಹಿಡಿದಿರಬೇಕು. ತನ್ನಷ್ಟಕ್ಕೆ ನಿಲ್ಲುವ ಬಟ್ಟೆಯನ್ನು ಅಂಗೈಯಿಂದ ಒತ್ತಿಕೊಂಡಿದ್ದರೆ ಸಾಕು. ಗಂಟೆಗಟ್ಟಲೆ ಕುಳಿತು ಹೊಲಿಯುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಂಜಿ ದಪ್ಪವಾದರೆ ಸೂಜಿ ಇಳಿಯದು. ಒಂದು ತುಂಡನ್ನು ಇನ್ನೊಂದಕ್ಕೆ ಹೊಲಿಗೆ ಯಂತ್ರದಿಂದ ಜೋಡಿಸುವವರಿಗೆ ಬಟ್ಟೆ ಗಟ್ಟಿಯಾಗಿದ್ದಷ್ಟೂ ಅನುಕೂಲ. ನಾಲ್ಕೈದು ಪದರಗಳನ್ನು ಕೈಸೂಜಿಯಿಂದ ಹೊಲಿಯುವವರಿಗೆ ಅದೇ ಗಟ್ಟಿತನ ಶಿಕ್ಷೆ. ಸೂಜಿಯನ್ನು ತಳ್ಳಿ ತಳ್ಳಿ ಬೆರಳು ನೋಯುವುದು. ಆದುದರಿಂದ ಮೇಲ್ಪದರದ ತುಂಡುಗಳಿಗೆ ಮಾತ್ರ ಗಂಜಿ ಹಾಕಬೇಕು. ಒಳಗಿನ ಪದರಗಳಿಗೂ ಅಡಿಯ ಪದರಕ್ಕೂ ಬೇಡ. ಅಲ್ಲಿಗೆ ಗಂಜಿಯ ಕೆಲಸ ಅರ್ಧಕ್ಕಿಂತಲೂ ಕಡಿಮೆಯಾದಂತಾಯಿತು.

ಗಂಜಿ ಮಾಡುವುದು

ಹಿಂದೆ ಅನ್ನ ಬಸಿದ ಗಂಜಿಯೇ ಬಟ್ಟೆಗೂ ಆಗುತ್ತಿತ್ತು. ಕುಕ್ಕರಿನಲ್ಲಿ ಅನ್ನ ಮಾಡುವ ಈಗಿನ ಮನೆಗಳಲ್ಲಿ ಬಸಿಯುವ ಮಾತೇ ಇಲ್ಲ. ತೆರೆದ ಪಾತ್ರೆಯಲ್ಲಿ ಅನ್ನ ಮಾಡುವವರು ಮಾತ್ರ, ಉಪ್ಪು ಹಾಕದೆ ಬಸಿದ ಗಂಜಿಯನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ನೀರುಮಜ್ಜಿಗೆಯಷ್ಟು ತಿಳಿಯಾಗುವಂತೆ ನೀರು ಬೆರೆಸಿ ಉಪಯೋಗಿಸಬಹುದು.

ಉಳಿದವರಿಗೆ ಕಾರ್ನ್‌ಫ್ಲೋರ್ ಸುಲಭ. ಇದು ಮೆಕ್ಕೆಜೋಳದಿಂದ ತೆಗೆದ ಬಿಳಿಯ ನುಣುಪು ಪಿಷ್ಟ. ನಮ್ಮ ರೊಟ್ಟಿಯ ಜೋಳದ ಹಿಟ್ಟೂ ಅಲ್ಲ, ಉತ್ತರದವರು ಚಳಿಗಾಲದಲ್ಲಿ ರೊಟ್ಟಿಗೆ ಬಳಸುವ ಹಳದಿ ಮೆಕ್ಕೆ ಹಿಟ್ಟೂ ಅಲ್ಲ. ಅಂಗಡಿಯಲ್ಲಿ ಹೆಸರು ಬಿಡಿಸಿ ಕೇಳಬೇಕು. ಇದರ ಅಳತೆ ಹೀಗೆ:

ಕೈಹೊಲಿಗೆಗೆ ಬೇಕಾದ ತಿಳಿಗಂಜಿಗೆ 1 ಲೀಟರ್ ನೀರಿಗೆ ಮಟ್ಟವಾಗಿ ತುಂಬಿದ 1 ದೊಡ್ಡ ಚಮಚ. ಯಂತ್ರದಲ್ಲಿ ಜೋಡಿಸುವ ತುಂಡುಗಳಿಗೆ 1 ಲೀಟರಿಗೆ 3 ಚಮಚ. ಸಿಂಪಡಿಸುವ ಗಂಜಿಗೆ ಅರ್ಧ ಲೀಟರಿಗೆ 1 ಚಮಚ.

ಹಿಟ್ಟನ್ನು ಮೊದಲು ಅರ್ಧ ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಬೇಕು. ಉಳಿದ ನೀರನ್ನು ಕುದಿಸಿ, ಉರಿಯನ್ನು ಸಣ್ಣದು ಮಾಡಿ, ಕದಡಿದ ಹಿಟ್ಟನ್ನು ಧಾರೆಯಾಗಿ ಸುರಿಯುತ್ತ ಎರಡು ನಿಮಿಷ ತಿರುವುತ್ತಿದ್ದರೆ ಹಾಲಿನಂತಿದ್ದ ನೀರು ಮೆಲ್ಲನೆ ತಿಳಿಯಾಗುವುದು. ಗಂಜಿ ಬೆಂದಿತೆಂಬುದಕ್ಕೆ ಅದೇ ಗುರುತು. ಪಿಷ್ಟದ ಕಣಗಳು ತಣ್ಣೀರಿನಲ್ಲಿ ಕರಗುವುದಿಲ್ಲ. ಅದರ ಜಾತಿಗೆ ತಕ್ಕಂತೆ ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಶಾಖ ತಗಲಿದಾಗ ಅವು ನೀರು ಕುಡಿದು ಉಬ್ಬಿ ಒಡೆದು, ಎಳೆಗಳ ನಡುವೆ ಹಬ್ಬಬಲ್ಲ ಅಂಟಾಗುವುವು. ಬೇಯಿಸದ ಹಿಟ್ಟಿನ ನೀರು ತಳದಲ್ಲಿ ನಿಲ್ಲುವುದು; ಬಟ್ಟೆಯ ಮೇಲೆ ಒಣಗಿದರೆ ಬಿಳಿಯ ಪುಡಿ ಉದುರುವುದು. ಬೆಂದ ಗಂಜಿಯನ್ನು ತೆಳುಬಟ್ಟೆಯಲ್ಲಿ ಸೋಸಿ, ಕೈಗೆ ತಾಳುವಷ್ಟು ಆರಿಸಿಕೊಂಡರಾಯಿತು.

ಸಾಬೂದಾಣಿಯ ಗಂಜಿಯೂ ಒಳ್ಳೆಯದು; ಒಣಗಿದ ಮೇಲೆ ತಿಳಿಯಾಗಿ ಹೊಳೆಯುವುದು. ಇದು ಮರಗೆಣಸಿನ ಪಿಷ್ಟ. ತಮಿಳುನಾಡಿನ ಸೇಲಂ ಇದರ ತಯಾರಿಕೆಗೆ ಹೆಸರಾದುದು. ಎರಡು ಚಮಚ ಸಾಬೂದಾಣಿಯನ್ನು ಒಂದೆರಡು ಗಂಟೆ ನೆನೆಸಿ, 1 ಲೀಟರ್ ನೀರಿನಲ್ಲಿ ಕಾಳು ಗಾಜಿನಂತಾಗುವವರೆಗೆ ಕುದಿಸಿ ಸೋಸಿದರೆ ಸಾಕು. ಮೈದಾ ಅಗ್ಗವೆಂದು ಕೆಲವರು ಅದನ್ನು ಬಳಸುವರು. ಅದರಲ್ಲಿ ಪಿಷ್ಟದ ಜೊತೆಗೆ ಜಿಗುಟಾದ ಸಸಾರಜನಕವೂ ಇರುವುದರಿಂದ ಗಂಜಿ ಮಬ್ಬಾಗಿ ಗಂಟು ಕಟ್ಟುವುದು.

ಆಯಾ ದಿನಕ್ಕೆ ಬೇಕಾದಷ್ಟೇ ಗಂಜಿ ಮಾಡುವುದು ಲೇಸು. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಹೊರಗಿಟ್ಟ ಗಂಜಿ ಮರುದಿನಕ್ಕೆ ಹುಳಿ ವಾಸನೆ ಹಿಡಿಯುವುದು.

ಹಿಂಡುವುದರಿಂದ ಏನಾಗುವುದು?

ಅರ್ಧ ಕಿಲೋ ತೂಗುವ ಹತ್ತಿ ಸೀರೆ ಗಂಜಿಯಲ್ಲಿ ಅದ್ದಿ ತೆಗೆದಾಗ ಅದರ ಎರಡು ಮೂರು ಪಾಲು ಭಾರವಾಗಿರುವುದು. ಆ ಭಾರವನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿದು, ಎರಡು ಮಣಿಕಟ್ಟುಗಳನ್ನೂ ವಿರುದ್ಧ ದಿಕ್ಕಿಗೆ ತಿರುಚುವುದೇ ಹಿಂಡುವಿಕೆ. ಹಿಡಿಯುವುದು ಒಂದು ಶ್ರಮ, ತಿರುಚುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡುವಾಗ ಹೆಬ್ಬೆರಳಿನ ಬುಡಕ್ಕೂ ಮಣಿಕಟ್ಟಿಗೂ ಬೀಳುವ ಬಲ ಬಹಳ.

ವೈದ್ಯಶಾಸ್ತ್ರಕ್ಕೂ ಇದು ಹೊಸ ವಿಷಯವಲ್ಲ. ಹೆಬ್ಬೆರಳನ್ನು ಎತ್ತುವ ಸ್ನಾಯುರಜ್ಜುಗಳು ಮಣಿಕಟ್ಟಿನ ಬಳಿ ಹಾದುಹೋಗುವ ಕೊಳವೆ ಇಕ್ಕಟ್ಟಾಗಿ ನೋಯುವ ಒಂದು ಬಾಧೆಯುಂಟು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ ಎಂಬುವರು 1895ರಲ್ಲಿ ಇದನ್ನು ವರ್ಣಿಸಿದುದರಿಂದ ಅವರ ಹೆಸರೇ ಅದಕ್ಕೆ ನಿಂತಿದೆ. ಆದರೆ ಇಂಗ್ಲಿಷಿನಲ್ಲಿ ಅದಕ್ಕೆ ಇನ್ನೊಂದು ಹೆಸರೂ ಉಂಟು: ಅಗಸಗಿತ್ತಿಯ ಉಳುಕು. ದಿನವೆಲ್ಲ ಬಟ್ಟೆ ಹಿಂಡುವವರ ಕೈಯಲ್ಲಿ ಕಾಣಿಸಿಕೊಂಡ ನೋವಿಗೆ ಜನ ಕೊಟ್ಟ ಹೆಸರು ಅದು. ಇದಲ್ಲದೆ ವಯಸ್ಸಾದ ಹೆಂಗಸರಲ್ಲಿ ಹೆಬ್ಬೆರಳಿನ ಬುಡದ ಕೀಲು ಸವೆಯುವುದು ಸಾಮಾನ್ಯ. ಅಂಥವರಿಗೆ ಡಬ್ಬಿಯ ಮುಚ್ಚಳ ತಿರುಗಿಸುವುದೂ ಕಷ್ಟವಾಗುವಾಗ ಒದ್ದೆ ಸೀರೆ ಹಿಂಡುವ ಮಾತೆಲ್ಲಿ?

ಇಷ್ಟು ಕಷ್ಟಪಟ್ಟು ಹಿಂಡಿದುದರಿಂದ ಬಟ್ಟೆಗೆ ಲಾಭವಾದರೂ ಉಂಟೆ ಎಂದರೆ ಅದೂ ಇಲ್ಲ. ತಿರುಚಿದ ಬಟ್ಟೆಯಲ್ಲಿ ಗಂಜಿ ಒಂದೇ ಸಮನಾಗಿ ಉಳಿಯದು. ಮುದುರಿದ ಮಡಿಕೆಗಳಲ್ಲಿ ಗೆರೆಗೆರೆಯಾಗಿ ನಿಲ್ಲುವುದು. ಸವೆದ ಎಳೆಗಳು ಹರಿಯುವುದೂ ಉಂಟು. ಹಿಂಡುವುದು ಬಟ್ಟೆ ಬೇಗ ಒಣಗಲೆಂಬ ಅವಸರಕ್ಕೆ ಮಾತ್ರ. ನೀರಿಗೆ ಕೆಳಗೆ ಇಳಿಯುವ ಗುಣ ತಾನಾಗಿಯೇ ಇದೆ. ಅದಕ್ಕೆ ಸ್ವಲ್ಪ ಹೊತ್ತು ಕೊಟ್ಟರೆ ಆ ಕೆಲಸವನ್ನು ಅದೇ ಮಾಡಿಕೊಳ್ಳುವುದು.

ಐದು ದಾರಿಗಳು

ಯಾವ ದಾರಿ ಹಿಡಿದರೂ ಮೊದಲು ಮಾಡಬೇಕಾದ ಕೆಲಸ ಒಂದೇ: ಇಡೀ ಸೀರೆಗೆ ಗಂಜಿ ಹಾಕುವ ಪದ್ಧತಿಯನ್ನು ಬಿಡಬೇಕು. ಒಗೆದು ಒಣಗಿಸಿದ ಸೀರೆಯ ದಡಿ, ಸೆರಗು ಬಿಡಿಸಿ, ಉಳಿದುದನ್ನು ಸುಮಾರು ಒಂದೊಂದು ಗಜದ ತುಂಡುಗಳಾಗಿ ಕತ್ತರಿಸಿಕೊಂಡರೆ ಒಂದು ಒದ್ದೆ ತುಂಡಿನ ಭಾರ ಮಗುವೂ ಎತ್ತುವಷ್ಟಾಗುವುದು. ಚಿಕ್ಕ ಚೌಕಗಳಾಗಿ ಕತ್ತರಿಸುವುದು ಗಂಜಿ ಒಣಗಿದ ಮೇಲೆ. ರೇಷ್ಮೆಯ ಸೆರಗಿಗೆ, ಜರಿಗೆ ಗಂಜಿ ಬೇಡ. ಪಾಲಿಯೆಸ್ಟರ್, ನೈಲಾನ್ ಸೀರೆಗಳಿಗೆ ಗಂಜಿ ಸರಿಯಾಗಿ ಹಿಡಿಯದು. ಅವನ್ನು ಬೇರೆ ಇಡುವುದು ಒಳ್ಳೆಯದು. ಬಣ್ಣ ಬಿಡುವ ಸಂಶಯವಿದ್ದರೆ ಬಿಳಿಯ ಒದ್ದೆ ಬಟ್ಟೆಯಿಂದ ಮೂಲೆಯನ್ನು ಉಜ್ಜಿ ನೋಡಬೇಕು.

ಮೊದಲನೆಯದು, ಸುರಿದು ಬಸಿಯುವುದು. ಅಗಲವಾದ ಪರಾತವನ್ನು ನೆಲದ ಮೇಲಿಡದೆ ಸೊಂಟದ ಎತ್ತರದ ಕಟ್ಟೆಯ ಮೇಲಿಡಬೇಕು. ತುಂಡನ್ನು ನಾಲ್ಕು ಮಡಿಕೆ ಮಾಡಿ ಪರಾತದಲ್ಲಿ ಹಾಸಿ, ಗಂಜಿಯನ್ನು ಲೋಟದಿಂದ ಮೇಲೆ ಸುರಿದು, ಬೆರಳುಗಳನ್ನು ಬಿಡಿಸಿದ ಅಂಗೈಯಿಂದ ಒತ್ತಿದರೆ ಗಂಜಿ ಒಳಗಿಳಿಯುವುದು. ಬಕೆಟ್ ತುಂಬಿ ಎತ್ತುವ ಗೋಜು ಬೇಡ. 10 ಲೀಟರ್ ನೀರೆಂದರೆ 10 ಕಿಲೋ ಭಾರ ಎಂಬುದನ್ನು ಮರೆಯಬಾರದು. ಐದು ನಿಮಿಷದ ಮೇಲೆ ಬಟ್ಟೆಯ ಮಡಿಕೆಯ ಕೆಳಗೆ ಲಟ್ಟಣಿಗೆಯನ್ನು ತೂರಿಸಿ ಎತ್ತಿ, ಆ ಲಟ್ಟಣಿಗೆಯನ್ನೇ ಒಂದು ಬೋಗುಣಿಯ ಬಾಯಿಗೆ ಅಡ್ಡಲಾಗಿಟ್ಟರೆ ಗಂಜಿ ತಾನಾಗಿ ಬಸಿದು ಬೋಗುಣಿಗೆ ಇಳಿಯುವುದು. ಬಸಿದುದು ಮುಂದಿನ ತುಂಡಿಗೆ ಆಗುವುದು. ಅರ್ಧ ಗಂಟೆ ಹೀಗೆ ಬಿಟ್ಟ ಬಟ್ಟೆ ತೊಟ್ಟಿಕ್ಕುವುದನ್ನು ನಿಲ್ಲಿಸುವುದು. ಮುಷ್ಟಿ ಒಮ್ಮೆಯೂ ಬಿಗಿದಂತಾಗಲಿಲ್ಲ.

ಎರಡನೆಯದು, ಸುತ್ತಿ ಒತ್ತುವುದು. ಅವಸರವಿರುವವರು ಬಸಿದ ತುಂಡನ್ನು ಒಣಗಿದ ದಪ್ಪ ಟವೆಲಿನ ಮೇಲೆ ಹರಡಿ, ಎರಡನ್ನೂ ಚಾಪೆಯಂತೆ ಸುತ್ತಿ, ಸುರುಳಿಯ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗವನ್ನಿಟ್ಟು ಮೈಭಾರ ಬಿಟ್ಟರೆ ಹೆಚ್ಚಿನ ನೀರನ್ನು ಟವೆಲು ಕುಡಿಯುವುದು. ಬೆರಳುಗಳ ಕೆಲಸವನ್ನು ಭುಜಕ್ಕೂ ಬೆನ್ನಿಗೂ ಹಂಚಿದಂತಾಗುವುದು. ಚಿಕ್ಕ ಕೀಲುಗಳ ಭಾರವನ್ನು ದೊಡ್ಡ ಕೀಲುಗಳಿಗೆ ವರ್ಗಾಯಿಸಬೇಕೆಂದು ಕೀಲುನೋವಿನ ವೈದ್ಯರು ಹೇಳುವುದೂ ಇದನ್ನೇ.

ಮೂರನೆಯದು, ಬಳಿಯುವುದು. ಗೋಡೆಗೆ ಬಣ್ಣ ಬಳಿಯುವ ಮೂರಂಗುಲದ ಹೊಸ ಕುಂಚ, ಅಥವಾ ದಪ್ಪ ಸ್ಪಂಜು ತಂದು, ಮೇಜಿನ ಮೇಲೆ ಹಾಸಿದ ಬಟ್ಟೆಗೆ ಗಂಜಿಯನ್ನು ನಡುವಿನಿಂದ ಅಂಚಿನ ಕಡೆಗೆ ಬಳಿಯಬೇಕು. ಕುಂಚದ ಹಿಡಿ ತೆಳ್ಳಗಿದ್ದರೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಬೆರಳು ಬಿಗಿಯಬೇಕಾದುದಿಲ್ಲ. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡರೆ ಒರೆಸುವ ಕೆಲಸವೂ ತಪ್ಪುವುದು. ನೀರು ಕಡಿಮೆ ಹಿಡಿಯುವುದರಿಂದ ಬಟ್ಟೆ ಬೇಗ ಒಣಗುವುದು. ಕುಳಿತೇ ಮಾಡಬಹುದಾದ ಕೆಲಸವಾದ್ದರಿಂದ ನಮ್ಮ ಮನೆಯ ಹಿರಿಯರು ಮೆಚ್ಚಿದ್ದು ಇದನ್ನೇ.

ನಾಲ್ಕನೆಯದು, ಸಿಂಪಡಿಸುವುದು. ಕೈಯಲ್ಲಿ ಹಿಡಿದು ಬೆರಳಿನಿಂದ ಒತ್ತಿ ಒತ್ತಿ ಚಿಮ್ಮಿಸುವ ಬಾಟಲಿ ನೋಡಲು ಹಗುರ. ಆದರೆ ಒಂದು ಗಜ ಬಟ್ಟೆ ತೊಯ್ಯಲು ಹತ್ತಾರು ಸಲ ಒತ್ತಬೇಕು. ಹಿಂಡುವುದನ್ನು ತಪ್ಪಿಸಿ ಚಿವುಟುವುದನ್ನು ತಂದುಕೊಂಡಂತಾಗುವುದು. ಅದಕ್ಕಿಂತ, ಹೂಕುಂಡಗಳಿಗೆ ನೀರು ಸಿಂಪಡಿಸಲು ಮಾರುವ, ಮೇಲೆ ಗಾಳಿ ತುಂಬುವ ಹಿಡಿಕೆಯಿರುವ 1 ಅಥವಾ 2 ಲೀಟರಿನ ಸಿಂಚಕ ಮೇಲು. ಹಿಡಿಕೆಯನ್ನು ಅಂಗೈಯಿಂದ ಹಲವು ಸಲ ಒತ್ತಿ ಗಾಳಿ ತುಂಬಿ, ಗುಂಡಿಯನ್ನು ಒಮ್ಮೆ ಅದುಮಿದರೆ ತುಂತುರು ಬಿಡದೆ ಬರುವುದು. ಗಾಳಿ ತುಂಬುವ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಅವರಿಗೆ ಆಟ, ಹಿರಿಯರಿಗೆ ಆರಾಮ. ಸಿಂಚಕ ಹೊಸದಾಗಿರಬೇಕು, ಕೀಟನಾಶಕ ಹಾಕಿದುದನ್ನು ಎಂದಿಗೂ ಬಳಸಕೂಡದು. ಗಂಜಿಯನ್ನು ಎರಡು ಸಲ ಸೋಸಿರಬೇಕು. ಕೆಲಸ ಮುಗಿದೊಡನೆ ಬಿಸಿನೀರು ತುಂಬಿ ಚಿಮ್ಮಿಸಿದರೆ ಮೂತಿ ಕಟ್ಟಿಕೊಳ್ಳದು.

ಐದನೆಯದು, ಯಂತ್ರಕ್ಕೆ ಒಪ್ಪಿಸುವುದು. ಬಟ್ಟೆ ಒಗೆಯುವ ಯಂತ್ರವಿರುವ ಮನೆಯಲ್ಲಿ ಗಂಜಿಯಲ್ಲಿ ಅದ್ದಿದ ತುಂಡುಗಳನ್ನು ಒಣಗಿಸುವ ತೊಟ್ಟಿಗೆ ಸಮನಾಗಿ ಹರಡಿ ಹಾಕಿ, ಕಡಿಮೆ ವೇಗದಲ್ಲಿ ಒಂದು ನಿಮಿಷ ತಿರುಗಿಸಿದರೆ ಸಾಕು. ಹೆಚ್ಚು ಹೊತ್ತು ತಿರುಗಿಸಿದರೆ ಗಂಜಿಯೂ ನೀರಿನೊಡನೆ ಹೊರಟುಹೋಗುವುದು. ಅನಂತರ ಬರಿಯ ನೀರು ಬಿಟ್ಟು ತೊಟ್ಟಿಯನ್ನು ತೊಳೆಯಬೇಕು.

ಒಣಗಿಸುವುದು, ಇಸ್ತ್ರಿ ಮಾಡುವುದು

ಗಂಜಿ ಹಾಕಿದ ತುಂಡನ್ನು ಮೂಲೆ ಹಿಡಿದು ತೂಗುಹಾಕಿದರೆ ಅದು ಓರೆಯಾಗಿ ಜಗ್ಗುವುದು. ದಪ್ಪ ಕೋಲಿನ ಮೇಲೆ ನಡುವಿಗೆ ಮಡಿಸಿ ಹಾಕಬೇಕು. ಬಿಗಿಯಾದ ಕ್ಲಿಪ್ಪುಗಳನ್ನು ಹೆಬ್ಬೆರಳಿನಿಂದ ಒತ್ತುವ ಅಗತ್ಯವೂ ಆಗ ಉಳಿಯುವುದಿಲ್ಲ. ಅಂಗಳವಿಲ್ಲದ ಮನೆಯವರಿಗೆ ಸ್ನಾನದ ಮನೆಯ ಕೋಲಾದರೂ ಸರಿ.

ಕಾಲವನ್ನು ನೋಡಿ ಈ ಕೆಲಸಕ್ಕೆ ಕೈಹಾಕುವುದು ಜಾಣತನ. ಮುಂಬಯಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಂಜಿಯ ಹೆಸರೆತ್ತಬಾರದು. ಒಣಗದ ಗಂಜಿಬಟ್ಟೆಗೆ ಬೂಷ್ಟು ಹಿಡಿಯುವುದು. ಚೆನ್ನೈನವರಿಗೆ ಅಕ್ಟೋಬರದಿಂದ ಡಿಸೆಂಬರದ ಮಳೆ ಅಡ್ಡಿ. ದೆಹಲಿಯ ಬೇಸಗೆಯಲ್ಲಿ ಸಮಸ್ಯೆ ತಿರುಗಿ ನಿಲ್ಲುವುದು. ಬಟ್ಟೆ ಕೋಲಿಗೇರಿಸಿದಷ್ಟರಲ್ಲಿ ಒಣಗಿ ಮರದಂತಾಗುವುದು. ಅಲ್ಲಿಯವರು ಪೂರ್ತಿ ಒಣಗುವ ಮೊದಲೇ ತೆಗೆದು, ಸುರುಳಿ ಸುತ್ತಿ ಇಟ್ಟುಕೊಳ್ಳುವುದು ಉಚಿತ.

ಇಸ್ತ್ರಿಗೆ ಬಟ್ಟೆ ಇನ್ನೂ ತುಸು ಹಸಿಯಾಗಿರಬೇಕು. ಪೂರ್ತಿ ಒಣಗಿದ ಗಂಜಿಬಟ್ಟೆಯ ಸುಕ್ಕು ಬಿಡಿಸಲು ಇಸ್ತ್ರಿಪೆಟ್ಟಿಗೆಯನ್ನು ಬಲವಾಗಿ ಒತ್ತಬೇಕಾಗುವುದು. ಹಸಿ ಇದ್ದರೆ ಶಾಖವೇ ಆ ಕೆಲಸ ಮಾಡುವುದು. ಸಿಂಪಡಿಸಿದ ಗಂಜಿಯಾದರೆ ಅದು ಎಳೆಯೊಳಗೆ ಇಳಿಯಲು ಐದು ನಿಮಿಷ ಬಿಡಬೇಕು. ಇಲ್ಲವಾದರೆ ಮೇಲೆ ನಿಂತ ಗಂಜಿ ಸೀದು ಪೆಟ್ಟಿಗೆಯ ತಳಕ್ಕೆ ಅಂಟುವುದು. ಗಾಢ ಬಣ್ಣದ ತುಂಡುಗಳನ್ನು ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಬಿಳಿಯ ಕಲೆ ಕಾಣದು. ಪೆಟ್ಟಿಗೆಯನ್ನು ಅತ್ತಿತ್ತ ತಳ್ಳದೆ ಇಟ್ಟು, ತಡೆದು, ಎತ್ತಿ ಮುಂದಕ್ಕಿಡುವುದು ಕೌದಿಯ ತುಂಡಿಗೆ ಕ್ಷೇಮ. ತಳ್ಳಿದರೆ ಚೌಕ ಓರೆಯಾಗುವುದು. ಎತ್ತಿ ಇಡುವುದಕ್ಕೆ ಹಗುರವಾದ ವಿದ್ಯುತ್ ಪೆಟ್ಟಿಗೆಯೇ ಬೇಕು. ಅಜ್ಜನ ಕಾಲದ ಇದ್ದಿಲಿನ ಹಿತ್ತಾಳೆ ಪೆಟ್ಟಿಗೆ ನೋಡಲು ಚೆಂದ, ಕೈಗೆ ಭಾರ. ಬೀದಿಯ ತುದಿಯಲ್ಲಿ ಇಸ್ತ್ರಿಯವರಿದ್ದರೆ ಹಸಿ ತುಂಡುಗಳ ಸುರುಳಿಯನ್ನು ಅವರಿಗೆ ಒಪ್ಪಿಸುವುದರಲ್ಲಿಯೂ ಅವಮಾನವಿಲ್ಲ.

ಎಷ್ಟು, ಯಾರು?

ದೊಡ್ಡವರ ಕೌದಿಯೆಂದರೆ ನಾಲ್ಕೈದು ಸೀರೆಗಳ ಬಾಬತ್ತು. ಅಷ್ಟಕ್ಕೂ ಒಂದೇ ಭಾನುವಾರ ಗಂಜಿ ಹಾಕಿ ಮುಗಿಸುತ್ತೇವೆಂಬ ಹಟವೇ ಅರ್ಧ ನೋವಿಗೆ ಕಾರಣ. ಸಾಲವನ್ನು ಕಂತಿನಲ್ಲಿ ತೀರಿಸುವ ನಾವು ಕೆಲಸವನ್ನೇಕೆ ಒಂದೇ ಗಂಟಿನಲ್ಲಿ ತೀರಿಸಬೇಕು? ದಿನಕ್ಕೆ ನಾಲ್ಕು ತುಂಡಾದರೆ ಸಾಕು. ಇಪ್ಪತ್ತು ನಿಮಿಷ ಕೆಲಸ, ಅನಂತರ ಕೈ ಸಡಿಲಿಸಿ ಕೂರುವುದು. ಕೆಲಸ ಮುಗಿದ ಮೇಲೆ ಬೆರಳು ಜೋಮು ಹಿಡಿಯುವುದು, ರಾತ್ರಿ ಹೆಬ್ಬೆರಳು ಸೆಳೆಯುವುದು, ಮಣಿಕಟ್ಟು ಬಾಯುವುದು ಇಂಥ ಲಕ್ಷಣಗಳಿದ್ದರೆ ಯಾವ ದಾರಿಯೂ ಬೇಡ. ಮೊದಲು ವೈದ್ಯರಲ್ಲಿಗೆ ಹೋಗಬೇಕು. "ವಯಸ್ಸಾತು, ಇರೋದ" ಎಂದು ಹಿರಿಯರು ಸುಮ್ಮನಾಗುವರು, ಮನೆಯವರು ಸುಮ್ಮನಾಗಬಾರದು.

ಇನ್ನೊಂದು ಮಾತನ್ನು ಗಂಡಸರಾದ ವಾಚಕರಿಗೆ ಹೇಳಬೇಕಾಗಿದೆ. ಗಂಜಿ ಕುದಿಸುವುದು, ಪರಾತ ಎತ್ತುವುದು, ಸುರುಳಿ ಒತ್ತುವುದು, ಕೋಲಿಗೆ ಹಾಕುವುದು, ಇವುಗಳಲ್ಲಿ ಯಾವುದಕ್ಕೂ ಕೌದಿಯ ವಿದ್ಯೆ ಬೇಕಿಲ್ಲ. ಬಿಡುವಾದ ಎರಡು ಕೈ ಇದ್ದರಾಯಿತು. ವಿದ್ಯೆ ಬೇಕಾಗುವುದು ಬಣ್ಣ ಜೋಡಿಸುವುದಕ್ಕೆ, ಹೊಲಿಗೆಯ ಸಾಲು ತಪ್ಪದಂತೆ ನೋಡುವುದಕ್ಕೆ. ಆ ವಿದ್ಯೆ ಇರುವ ಕೈಗಳನ್ನು ಹಿಂಡುವುದರಲ್ಲಿ ಸವೆಸುವುದು ಮನೆಗೆ ನಷ್ಟ. ನಮ್ಮ ಮನೆಯಲ್ಲಿ ಈಗ ಗಂಜಿಯ ಖಾತೆ ನಮ್ಮದು, ಇಸ್ತ್ರಿ ಮಕ್ಕಳ ತಾಯಿಯದು, ಸೂಜಿ ಅಜ್ಜಿಯದು. ಅಜ್ಜಿಯ ಪಕ್ಕದಲ್ಲಿ ಕುಳಿತು ಮೊಮ್ಮಗಳು ಸೂಜಿಗೆ ದಾರ ಪೋಣಿಸಿಕೊಡುವಳು. ಪೋಣಿಸುತ್ತ ಪೋಣಿಸುತ್ತ "ಇದು ಯಾರ ಸೀರಿ?" ಎಂದು ಕೇಳುವಳು, ಒಂದು ತುಂಡಿಗೆ ಒಂದು ಊರಿನ ಕಥೆ ಬರುವುದು. ಶಾಲೆಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷುಗಳನ್ನು ಕಲಿಯುವ ಮಗುವಿಗೆ ದಡಿ, ಸೆರಗು, ಖಣ, ಟೋಪಿ ತೆನೆ ಎಂಬ ಮಾತುಗಳು ಸಿಕ್ಕುತ್ತಿರುವುದು ಅಲ್ಲಿಯೇ. ಅಜ್ಜಿಯ ಕೈ ಸೋತು ಸೂಜಿ ಪೆಟ್ಟಿಗೆ ಸೇರಿದ್ದರೆ ಈ ಮಾತುಗಳಿಗೂ ಎಡೆಯಿರುತ್ತಿರಲಿಲ್ಲ.

ಹೊಲಿದಾದ ಮೇಲೆ

ಕೌದಿ ಮುಗಿದೊಡನೆ ಗಂಜಿಯ ಋಣ ತೀರಿತು. ಅದನ್ನು ಬಟ್ಟೆಯಲ್ಲಿಯೇ ಬಿಟ್ಟು ಟ್ರಂಕಿಗೆ ಸೇರಿಸಿದರೆ ಪಿಷ್ಟ ತಿನ್ನುವ ಬೆಳ್ಳಿಹುಳುಗಳಿಗೆ ಹಬ್ಬ. ಕೌದಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿ, ಎರಡು ನೀರು ಬದಲಿಸಿದರೆ ಗಂಜಿ ಬಿಟ್ಟುಹೋಗುವುದು. ಆಗಲೂ ಹಿಂಡುವ ಮಾತಿಲ್ಲ. ನೆನೆದ ಕೌದಿಯನ್ನು ಒಬ್ಬರೇ ಎತ್ತದೆ ಇಬ್ಬರು ಹಿಡಿದು, ಜಾಲರಿಯ ಮಂಚವಿದ್ದರೆ ಅದರ ಮೇಲೆ, ಇಲ್ಲವಾದರೆ ಎರಡು ಕುರ್ಚಿಗಳ ಬೆನ್ನಿನ ಮೇಲೆ ಹರಡಿ ಬಿಟ್ಟರೆ ನೀರು ಬಸಿಯುವುದು. ಅನಂತರ ಎರಡು ದಿನ ಒಳ್ಳೆಯ ಬಿಸಿಲು ಕಾಣಿಸಬೇಕು. ಹೀಗೆ ಒಗೆದ ಕೌದಿ ಮೆತ್ತಗಾಗಿ, ಸೀರೆ ಉಟ್ಟವರ ಮಡಿಲಿನ ಹಿತವನ್ನೇ ಮರಳಿ ಪಡೆಯುವುದು.

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಇದಕ್ಕಿಂತ ಸುಲಭವಾದ ಉಪಾಯಗಳು ಇದ್ದೇ ಇರುವುವು. ಬಲ್ಲವರು ಈ ಪತ್ರಿಕೆಗೆ ನಾಲ್ಕು ಸಾಲು ಬರೆದು ತಿಳಿಸಿದರೆ ಎಷ್ಟೋ ಕೈಗಳಿಗೆ ಉಪಕಾರವಾದೀತು. ಮಳೆ ನಿಂತು ಬಿಸಿಲು ಬಿದ್ದೊಡನೆ ಟ್ರಂಕಿನ ಹಳೆಯ ಸೀರೆಗಳನ್ನು ಹೊರಗೆ ತೆಗೆಯಿರಿ. ತಾಯಂದಿರಿಗೆ ಸೂಜಿಯನ್ನು ಕೊಟ್ಟು, ಗಂಜಿಯ ಪಾತ್ರೆಯನ್ನು ನೀವು ತೆಗೆದುಕೊಳ್ಳಿರಿ.